ತೊಂಬತ್ತರ ಸುಗ್ಗಿಯ ವೈನು

"ಹನ್ನೆರಡೂ ಬೇಕು ಮಾಮ," ಎಂದು ಲೂದಿವೀನ್ ಫೋನಿನಲ್ಲಿ ಎರಡನೆಯ ಸಲ ಹೇಳಿದಾಗ ರೇಜಿಸ್ ಪೊನ್ಸ್ಲೆ ಗೋಡೆಗೆ ಬೆನ್ನು ಕೊಟ್ಟು ನಿಂತ. "ನಲವತ್ತು ಜನ ಅಷ್ಟೇ, ಒಂದೇ ಉದ್ದನೆ ಮೇಜು. ಒಬ್ಬೊಬ್ರಿಗೆ ಒಂದೊಂದು ಲೋಟ ಸಿಕ್ರೂ ಸಾಕು. ಮದುವೆ ದಿನ ಅಪ್ಪ ನನ್ನ ಕೈ ಹಿಡ್ಕೊಂಡು ಬರೋಕಂತೂ ಆಗಲ್ಲ. ಅವನ ವೈನಾದ್ರೂ ಮೇಜಿನ ಮೇಲಿರಲಿ ಅಂತ."

"ಇರಲಿ, ಇರಲಿ," ಅಂದ ರೇಜಿಸ್.

"ಚೆನ್ನಾಗಿದೆ ತಾನೇ? ಕೆಟ್ಟಿಲ್ಲ ತಾನೇ?"

"ನನ್ನ ನೆಲಮಾಳಿಗೇಲಿ ಯಾವುದಾದ್ರೂ ಕೆಡುತ್ತೇನಮ್ಮ?"

"ಅದಕ್ಕೇ ಅಲ್ವಾ ಅಪ್ಪ ನಿನ್ನ ಹತ್ರ ಇಟ್ಟಿದ್ದು. ಬರೋ ವಾರ ಅಲ್ಲ, ಅದರ ಮುಂದಿನ ಶನಿವಾರ ಬರ್ತೀನಿ. ನೊಯೆಮಿ ಅತ್ತೆಗೆ ಹೇಳು, ಊಟ ಅಲ್ಲೇ."

ಫೋನಿಟ್ಟ ಮೇಲೂ ಅವನು ಗೋಡೆ ಬಿಟ್ಟು ಅಲುಗಲಿಲ್ಲ. ಅಡಿಗೆಮನೆಯ ಮೇಜಿನ ಬಳಿ ಕೂತು ಶತಾವರಿ ದಂಟಿನ ಸಿಪ್ಪೆ ತೆಗೆಯುತ್ತಿದ್ದ ಹೆಂಡತಿ ನೊಯೆಮಿ ತಲೆ ಎತ್ತದೆ ಕೇಳಿದಳು. "ಎಷ್ಟಿವೆ?"

"ಮೂರು."

ಅವಳ ಕೈಯಲ್ಲಿನ ಚಾಕು ನಿಂತಿತು. ನಾಲ್ಕೋ ಐದೋ ಇರಬಹುದೆಂದು ಅವಳು ಅಂದುಕೊಂಡಿದ್ದಳೆಂದು ಕಾಣುತ್ತದೆ. ಗಂಡನ ಮುಖವನ್ನು ಒಂದು ಕ್ಷಣ ನೋಡಿ ಮತ್ತೆ ದಂಟಿಗೆ ಚಾಕು ಹಚ್ಚಿದಳು. ಬೈದಿದ್ದರೆ ರೇಜಿಸ್‌ಗೆ ಎಷ್ಟೋ ಹಗುರವಾಗುತ್ತಿತ್ತು.

ರೇಜಿಸ್ ಮೂವತ್ತನಾಲ್ಕು ವರ್ಷ ವೈನಿಗೆ ಹೆಸರಾದ ಬೋನ್ ಪಟ್ಟಣದ ಸುತ್ತಲಿನ ಹಳ್ಳಿಗಳಿಗೆ ಅಂಚೆ ಹಂಚಿದವನು. ಅವನಿಗೆ ಒಂದು ಬಳ್ಳಿಯಷ್ಟು ದ್ರಾಕ್ಷಿ ತೋಟವೂ ಇರಲಿಲ್ಲ. ಆದರೆ ಕಾಗದ ಕೊಡಲು ಹೋದ ಮನೆಯಲ್ಲೆಲ್ಲ ಪೀಪಾಯಿಯಿಂದ ಒಂದು ಲೋಟ ತೆಗೆದು "ಹೇಗಿದೆ ನೋಡಪ್ಪ" ಎಂದು ಕೈಗಿಡುತ್ತಿದ್ದರು. ಹಾಗೆ ನೋಡುತ್ತ ನೋಡುತ್ತ, ಯಾವ ಇಳಿಜಾರಿನ ಹಣ್ಣು ಬೇಗ ಕಳಿಯುತ್ತದೆ, ಯಾರ ವೈನು ಹತ್ತು ವರ್ಷ ಕಾಯಿಸಿ ಆಮೇಲೆ ಬಾಯಿ ಬಿಡುತ್ತದೆ ಎಂಬುದೆಲ್ಲ ಅವನ ನಾಲಿಗೆಗೆ ಬಂದಿತು. ಹೊಸ ಸೈಕಲ್ಲಿಗೆಂದು ಎತ್ತಿಟ್ಟ ದುಡ್ಡಿನಲ್ಲಿ ಆರು ಬಾಟಲಿ ತಂದ. ರಜೆಗೆ ಸಮುದ್ರ ನೋಡಲು ಹೋಗುವುದು ಬಿಟ್ಟು ಮನೆಯಡಿಯ ಸುಣ್ಣಗಲ್ಲನ್ನು ತಾನೇ ಕಡಿದು ನೆಲಮಾಳಿಗೆಯನ್ನು ಎರಡು ಗಜ ಒಳಕ್ಕೆ ಸರಿಸಿದ. ಬೇಸಿಗೆ ಚಳಿಗಾಲ ಎರಡರಲ್ಲೂ ಅಲ್ಲಿ ಒಂದೇ ತಂಪು, ನೆಲದಲ್ಲಿ ಒದ್ದೆ ಜಲ್ಲಿ, ಗೋಡೆ ತುಂಬ ಕರಿಯ ಬೂಷ್ಟು. ಶ್ರೀಮಂತ ತೋಟದವರು ಕೂಡ ಬಂದು ನೋಡಿ, "ಇದಪ್ಪಾ ಜಾಗ" ಎಂದು ಹೊಟ್ಟೆಕಿಚ್ಚು ಪಟ್ಟುಕೊಂಡು ಹೋಗುತ್ತಿದ್ದರು.

ಆನ್ಸೆಲ್ಮ್ ತೆವನೊ ಅವನ ಗೆಳೆಯ. ಊರ ಮೇಲುಗಡೆ, ಕಲ್ಲುರಾಶಿಗಳ ನಡುವೆ ಅವನದು ಮುಕ್ಕಾಲು ಎಕರೆ ಹಳೆಯ ಬಳ್ಳಿ. ವರ್ಷಕ್ಕೆ ಎರಡು ಮೂರು ಪೀಪಾಯಿಗಿಂತ ಹೆಚ್ಚು ವೈನು ಆಗುತ್ತಿರಲಿಲ್ಲ. ಹೆಂಡತಿ ಬೇಗ ತೀರಿಕೊಂಡಳು. ಮಗಳಿಗೆ ಹನ್ನೆರಡು ವರ್ಷವಾದಾಗ ಆನ್ಸೆಲ್ಮ್‌ನ ಶ್ವಾಸಕೋಶಕ್ಕೆ ರೋಗ ಹಿಡಿಯಿತು. ಮನೆ, ತೋಟ ಎಲ್ಲ ಮಾರಾಟಕ್ಕೆ ಹೋಗುವುದು ಖಚಿತವಾದ ದಿನ, ತಳ್ಳುಗಾಡಿಯಲ್ಲಿ ಹುಲ್ಲಿನ ಮೇಲೆ ಹನ್ನೆರಡು ಬಾಟಲಿ ಮಲಗಿಸಿಕೊಂಡು ಅವನೇ ಉಸಿರು ಹಿಡಿಯುತ್ತ ಬಂದಿದ್ದ. ಲೂದಿವೀನ್ ಹುಟ್ಟಿದ ತೊಂಬತ್ತನೇ ಇಸವಿಯ ಸುಗ್ಗಿಯ ವೈನು ಅದು. "ನಾನು ಮಾಡಿದ್ರಲ್ಲಿ ಇದೊಂದೇ ಸರಿಯಾಗಿದ್ದು ಕಣೋ. ಅವಳು ಯಾವತ್ತು ಕೇಳ್ತಾಳೋ ಅವತ್ತು ಕೊಡು," ಅಂದಿದ್ದ. ಮುಂದೆ ಆರು ವಾರಕ್ಕೆ ಹೋದ. ಮಗುವನ್ನು ದೂರದ ನಾಂತ್‌ನಲ್ಲಿದ್ದ ಚಿಕ್ಕಮ್ಮ ಕರೆದುಕೊಂಡು ಹೋದಳು.

ಮೊದಲ ಬಾಟಲಿ ತೆಗೆದದ್ದು ಆನ್ಸೆಲ್ಮ್ ಸತ್ತು ಎರಡು ವರ್ಷವಾದ ದಿನ. ಅವನ ನೆನಪಿಗೆ, ಒಂದೇ ಒಂದು, ಎಂದುಕೊಂಡು. ಅವತ್ತು ನೊಯೆಮಿಯೂ ಅರ್ಧ ಲೋಟ ಕುಡಿದಿದ್ದಳು. ಅದು ಯಾವ ಬಾಟಲಿ ಎಂದು ಗೊತ್ತಾದ ಮೇಲೆ ಅವಳು ಮತ್ತೆಂದೂ ಅದಕ್ಕೆ ಲೋಟ ಒಡ್ಡಲಿಲ್ಲ. ಎರಡನೆಯದಕ್ಕೆ ಕಾರಣ ಗಿಲ್ಬೆರ್. ಆನ್ಸೆಲ್ಮ್‌ನ ತೋಟವನ್ನು ಕೊಂಡುಕೊಂಡಿದ್ದ ಅವನು ನಾಲ್ಕು ಜನರ ಮುಂದೆ, "ಅವನ ವೈನು ಹದಿನೈದು ವರ್ಷದ ಮೇಲೆ ನಿಲ್ಲಲ್ಲ ಬಿಡಿ" ಎಂದಿದ್ದ. ನಿಂತಿದೆಯೋ ಇಲ್ಲವೋ ನೋಡಬೇಕಲ್ಲ? ಹುಡುಗಿಯ ಸೊತ್ತು, ಕಾಪಾಡುವವನಿಗೆ ತಿಳಿದಿರಬೇಕಲ್ಲ? ಮೂರನೆಯದು ಅಂಚೆ ಕಚೇರಿಯಿಂದ ನಿವೃತ್ತನಾದ ದಿನ. ಅಲ್ಲಿಂದ ಮುಂದೆ ಕಾರಣ ಹುಡುಕುವ ಕಷ್ಟವನ್ನೂ ಅವನು ಬಿಟ್ಟ.

ಆರನೆಯ ಬಾಟಲಿಯ ಹೊತ್ತಿಗೆ ವೈನು ತನ್ನ ತುತ್ತತುದಿಗೆ ಬಂದಿತ್ತು. ಅಂಥದ್ದೊಂದು ಅವನು ಜನ್ಮದಲ್ಲಿ ಕುಡಿದಿರಲಿಲ್ಲ. ಬಿಸಿಲಿಗೆ ಕಾದ ಕಲ್ಲು, ಕರಿ ಚೆರ್ರಿ, ಅದರ ಹಿಂದಿನಿಂದ ಎಲ್ಲಿಂದಲೋ ಹಳೆಯ ಕುದುರೆ ಜೀನಿನ ಚರ್ಮದ ವಾಸನೆ. ನೆಲಮಾಳಿಗೆಯ ಮೆಟ್ಟಿಲ ಮೇಲೆ ಒಬ್ಬನೇ ಕೂತು ಅತ್ತುಬಿಟ್ಟಿದ್ದ. ವಾರ ಕಳೆಯುವುದರೊಳಗೆ ಏಳನೆಯದನ್ನು ತೆಗೆದ. ಉಳಿದ ಎಲ್ಲ ವೈನಿಗೂ ಅವನು ರುಚಿಯ ಟಿಪ್ಪಣಿ ಬರೆದಿಡುತ್ತಿದ್ದ, ಕಪಾಟಿನಲ್ಲಿ ಹತ್ತಾರು ನೋಟ್‌ಬುಕ್ಕುಗಳಿದ್ದವು. ಈ ಒಂಬತ್ತರ ಬಗ್ಗೆ ಮಾತ್ರ ಒಂದಕ್ಷರ ಬರೆದಿರಲಿಲ್ಲ.

ಮಾರನೆಯ ದಿನ ಬೆಳಿಗ್ಗೆಯೇ ಹುಡುಕಲು ಹೊರಟ. ಬೋನ್‌ನಲ್ಲಿ ಹಳೆಯ ವೈನು ಮಾರುವ ಪರಿಚಯದ ಅಂಗಡಿಯವನು, "ತೆವನೊ? ಯಾವ ತೆವನೊ?" ಎಂದ. ಹರಾಜಿನವರ ಪಟ್ಟಿಗಳಲ್ಲಿ ಆ ಹೆಸರೇ ಇರಲಿಲ್ಲ. ಗಿಲ್ಬೆರ್ ಬಳ್ಳಿ ಕಟ್ಟುತ್ತಿದ್ದವನು ಸೊಂಟ ನೆಟ್ಟಗೆ ಮಾಡಿಕೊಂಡು ನಕ್ಕ. "ಅವನ ಬಾಟಲಿ ನನ್ನ ಹತ್ರ ಯಾಕಿರುತ್ತೆ ಮಾರಾಯ? ಇದ್ರೆ ನಿನ್ನ ಗುಹೇಲೇ ಇರಬೇಕು. ಕೊನೇ ಸಲ ಗಾಡಿ ತಳ್ಕೊಂಡು ನಿನ್ನ ಮನೆ ಕಡೇನೇ ಹೋಗ್ತಿದ್ದ, ನಾನು ನೋಡಿಲ್ವಾ?" ರೇಜಿಸ್ ಕಾರು ಹತ್ತಿದ.

ವಾರ ಕಳೆದು ಗುರುವಾರದ ಹೊತ್ತಿಗೆ ಅವನಿಗೆ ಇರೆನಕ್ಕನ ನೆನಪು ಬಂತು. ನೊಲೇ ಊರಿನಲ್ಲಿ ಅವಳದೊಂದು ಊಟದ ಮನೆ ಇತ್ತು. ಮುಚ್ಚಿ ಹತ್ತು ವರ್ಷವಾಗಿತ್ತು. ಹಿಂದೆ ಆನ್ಸೆಲ್ಮ್ ಅವಳಿಗೆ ಪ್ರತಿ ವರ್ಷ ಎರಡು ಪೆಟ್ಟಿಗೆ ಕೊಡುತ್ತಿದ್ದ. ಬಾಗಿಲು ತೆರೆದ ಎಂಬತ್ತೆಂಟರ ಮುದುಕಿ ಕೋಲು ಊರಿಕೊಂಡು ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಏನ್ ಪೋಸ್ಟಪ್ಪ, ಕೈಯಲ್ಲಿ ಒಂದು ಕಾಗದಾನೂ ಇಲ್ದೆ ಬಂದಿದೀಯಲ್ಲ? ನಾನು ಸತ್ತೆ ಅಂತ ಯಾರಾದ್ರೂ ಹೇಳಿದ್ರಾ?"

"ಹೇಳಿದ್ರೆ ಹೂವು ತರ್ತಿದ್ದೆ ಅಕ್ಕ."

"ನಿನ್ನ ಕೈಯಿಂದ ಹೂವು! ಹೂವು ನೀನಿಟ್ಕೊಂಡು ಬರೀ ಮುಳ್ಳು ತರ್ತಿದ್ದೆ. ಬಾ ಒಳಗೆ."

ತೊಂಬತ್ತರದ್ದು ಇದ್ದವು. ಒಂಬತ್ತೇ ಒಂಬತ್ತು. ಅಡಿಗೆಮನೆಯ ಪಕ್ಕದ ಉಗ್ರಾಣದಲ್ಲಿ, ದೊಡ್ಡ ಒಲೆಯ ಗೋಡೆಗೆ ತಾಗಿದ ಅಟ್ಟದ ಮೇಲೆ, ಮಲಗಿಸದೆ ನಿಲ್ಲಿಸಿಟ್ಟಿದ್ದರು. ರೇಜಿಸ್‌ಗೆ ನೋಡಿದ ತಕ್ಷಣ ಗೊತ್ತಾಯಿತು. ವೈನು ಬಾಟಲಿಯ ಕುತ್ತಿಗೆಯಿಂದ ಇಳಿದು ಭುಜಕ್ಕೆ ಬಂದಿತ್ತು. ಬಿರಡೆ ಒಣಗಿ ಕುಗ್ಗಿತ್ತು. ಒಂದನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರೆ ಒಳಗೆ ಕಾಫಿ ಬಣ್ಣ. ವರ್ಷಗಟ್ಟಲೆ ಒಲೆಯ ಕಾವು ತಿಂದ ಈ ವೈನು ಯಾವತ್ತೋ ಸತ್ತಿದೆ.

"ತಗೊಂಡು ಹೋಗು," ಅಂದಳು ಇರೆನಕ್ಕ. "ನಂಗೆ ಡಾಕ್ಟರು ನೀರು ಕುಡಿ ಅಂದಿದಾನೆ, ಮುಂಡೇಗಂಡ. ದುಡ್ಡಾ? ದುಡ್ಡು ಒಳಗಿಡು. ಆನ್ಸೆಲ್ಮ್‌ನ ವೈನು ಆನ್ಸೆಲ್ಮ್‌ನ ಮಗಳಿಗೆ ಹೋಗ್ತಿದೆ ಅಂದ್ರೆ ನಾನು ದುಡ್ಡು ತಗೋತೀನಾ?"

ಒಂಬತ್ತು ಬಾಟಲಿ ಕಾರಿನಲ್ಲಿಟ್ಟುಕೊಂಡು ವಾಪಸು ಬರುವಾಗ ದಾರಿಯುದ್ದಕ್ಕೂ ಒಂದು ಯೋಚನೆ ತಾನಾಗಿಯೇ ಬೆಳೆಯುತ್ತ ಬಂತು. ಒಂಬತ್ತು ಮತ್ತು ಮೂರು. ಅದೇ ತೋಟ, ಅದೇ ವರ್ಷ, ಅದೇ ಲೇಬಲ್ಲು. ವೈನು ಕೆಟ್ಟಿದೆ, ನಿಜ. ಮೂವತ್ತು ವರ್ಷದ ವೈನು ಕೆಡುವುದು ಯಾರ ತಪ್ಪು? ಯಾರೂ ಯಾರನ್ನೂ ಕೇಳುವುದಿಲ್ಲ. ವಯಸ್ಸಾಯಿತು, ಹೋಯಿತು, ಅಷ್ಟೇ. ಮನೆ ಮುಟ್ಟುವ ಹೊತ್ತಿಗೆ ಅದು ಯೋಚನೆಯಾಗಿ ಉಳಿದಿರಲಿಲ್ಲ, ಮಾಡಬೇಕಾದ ಕೆಲಸವಾಗಿತ್ತು.

ಉಗ್ರಾಣದ ಲೇಬಲ್ಲುಗಳು ಎಣ್ಣೆ ಜಿಡ್ಡಿಗೆ ಹಳದಿಯಾಗಿದ್ದವು. ತನ್ನವು ಬೂಷ್ಟು ಹಿಡಿದು ಕಪ್ಪಾಗಿದ್ದವು. ಶುಕ್ರವಾರ ಮಧ್ಯಾಹ್ನ ನೆಲಮಾಳಿಗೆಯಲ್ಲಿ ಕುಕ್ಕರಗಾಲಲ್ಲಿ ಕೂತು, ಬಿಸಿನೀರಿನ ಬಟ್ಟೆಯಿಂದ ಜಿಡ್ಡು ಒರೆಸಿ, ಗೋಡೆಯ ಬೂಷ್ಟನ್ನು ಬೆರಳಲ್ಲಿ ಕೆರೆದು ಒಂದೊಂದಕ್ಕೂ ಹಚ್ಚುತ್ತಿದ್ದ. ನೊಯೆಮಿ ಯಾವಾಗ ಇಳಿದು ಬಂದಳೋ, ಕೊನೆಯ ಮೆಟ್ಟಿಲ ಮೇಲೆ ನಿಂತಿದ್ದಳು.

"ಹೆಣಕ್ಕೆ ಬಣ್ಣ ಹಚ್ತಿದೀಯ," ಅಂದಳು.

"ಅವಳಿಗೆ ಹನ್ನೆರಡು ಬೇಕಂತೆ."

"ಅವಳಿಗೆ ಬೇಕಿರೋದು ಇದಲ್ಲ, ನಿಂಗೂ ಗೊತ್ತು. ನಾಳೆ ನಾನು ಸುಳ್ಳು ಹೇಳಲ್ಲ ರೇಜಿಸ್. ನಿಜಾನೂ ಹೇಳಲ್ಲ. ಊಟಕ್ಕೆ ಬಡಿಸ್ತೀನಿ ಅಷ್ಟೇ."

ಜೀವ ಇರುವ ಮೂರನ್ನು ಮೇಲೆ, ಕೈಗೆ ಮೊದಲು ಸಿಗುವ ಹಾಗೆ ಇಟ್ಟ. ಉಳಿದ ಒಂಬತ್ತನ್ನು ಕೆಳಗೆ ಎರಡು ಸಾಲಾಗಿ ಮಲಗಿಸಿದ. ದೂರ ನಿಂತು ನೋಡಿದರೆ ಇಪ್ಪತ್ತು ವರ್ಷದಿಂದ ಯಾರೂ ಮುಟ್ಟಿಲ್ಲವೆನ್ನುವ ಹಾಗೆ ಕಾಣುತ್ತಿತ್ತು.

ಲೂದಿವೀನ್ ಶನಿವಾರ ಹನ್ನೊಂದಕ್ಕೆಲ್ಲ ಬಂದಳು. ಈಗ ಅವಳು ನಾಂತ್‌ನಲ್ಲಿ ಹಡಗುಗಳ ಎಂಜಿನ್ ರಿಪೇರಿ ಮಾಡುವ ಕಂಪನಿಯಲ್ಲಿ ಕೆಲಸಕ್ಕಿದ್ದಳು. ಅಪ್ಪನ ಹಾಗೆಯೇ ಅಗಲವಾದ ಹಣೆ, ಕೈಯ ಗೆಣ್ಣುಗಳೂ ಅವನವೇ. ನೊಯೆಮಿಯನ್ನು ತಬ್ಬಿ, ರೇಜಿಸ್‌ನ ಎರಡು ಕೆನ್ನೆಗೂ ಮುತ್ತಿಟ್ಟು, "ಮೊದಲು ಅಪ್ಪನ್ನ ನೋಡ್ಬೇಕು, ಆಮೇಲೆ ಊಟ," ಎಂದು ನೆಲಮಾಳಿಗೆಯ ಬಾಗಿಲ ಕಡೆ ನಡೆದೇಬಿಟ್ಟಳು.

ಅವಳು ಬಾಟಲಿಗಳ ಹತ್ತಿರಕ್ಕೆ ಹೋದಳು. ಲೇಬಲ್ಲಿನ ಮೇಲೆ ಅಪ್ಪನ ಹೆಸರಿದ್ದ ಕಡೆ ಬೆರಳಾಡಿಸಿದಳು. "ಎಷ್ಟು ಜೋಪಾನ ಮಾಡಿದೀಯ ಮಾಮ," ಅಂದಳು. ರೇಜಿಸ್ ಜಲ್ಲಿ ನೋಡುತ್ತ ನಿಂತ.

"ಒಂದು ತೆಗಿ."

"ಈಗಲಾ? ಬೇಡಮ್ಮ, ಮದುವೆಗೆ..."

"ಮದುವೆ ದಿನ ಗಡಿಬಿಡೀಲಿ ನಂಗೆ ರುಚಿಯೇ ಗೊತ್ತಾಗಲ್ಲ. ಚಿಕ್ಕೋಳಿದ್ದಾಗ ಅಪ್ಪ ಒಂದ್ಸಲ ಬೆರಳು ಅದ್ದಿ ತುಟಿಗೆ ಹಚ್ಚಿದ್ದ, ಅಷ್ಟೇ ಗೊತ್ತು. ಒಂದು ಲೋಟ ನೆಟ್ಟಗೆ ಕುಡಿದೇ ಇಲ್ಲ. ಇವತ್ತು ಕುಡೀತೀನಿ."

ಅವನು ಮೇಲಿನದಕ್ಕೆ ಕೈ ಚಾಚುವಷ್ಟರಲ್ಲಿ ಅವಳೇ ಬಗ್ಗಿ ಕೆಳಗಿನ ಸಾಲಿನಿಂದ ಒಂದನ್ನು ಎಳೆದುಕೊಂಡಿದ್ದಳು. "ಅದಲ್ಲ, ಇದನ್ನ..." ಎಂದು ಅವನ ಬಾಯಿಂದ ಬಂತು.

"ಯಾಕೆ? ಎಲ್ಲಾ ಒಂದೇ ತಾನೇ?"

"ಒಂದೇ," ಅಂದ ರೇಜಿಸ್.

ಬಿರಡೆ ಪುಡಿ ಪುಡಿಯಾಗಿ ಬಂತು. ಲೋಟಕ್ಕೆ ಬಗ್ಗಿಸಿದಾಗ ಕಂದು ನೀರು, ಜೊತೆಗೆ ಕೊಳೆತ ಸೇಬಿನ ವಾಸನೆ. ಅವಳಿಗೆ ವೈನಿನ ವಿಷಯ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದೇ ಮೊದಲ ಗುಟುಕನ್ನು ಕಣ್ಣು ಮುಚ್ಚಿಕೊಂಡು ಬಾಯಿ ತುಂಬ ತೆಗೆದುಕೊಂಡಳು. ನುಂಗಿದಳು. ಇನ್ನೊಂದು ಗುಟುಕು ತೆಗೆದುಕೊಂಡಳು, ಮೊದಲನೆಯದರಲ್ಲಿ ತಾನೇ ಏನೋ ತಪ್ಪಿಸಿಕೊಂಡೆನೇನೋ ಎನ್ನುವ ಹಾಗೆ. ಮುಖ ಕಿವುಚಬಾರದೆಂದು ಅವಳು ಪಡುತ್ತಿದ್ದ ಕಷ್ಟವನ್ನು ರೇಜಿಸ್‌ಗೆ ನೋಡಲಾಗಲಿಲ್ಲ.

"ಹಳೇದಾಯ್ತಲ್ವಾ," ಅಂದಳು ಕೊನೆಗೆ.

"ಹೂಂ. ಕೆಲವು... ವಯಸ್ಸಿಗೆ..."

"ನಿಜ ಹೇಳು ಮಾಮ. ನನ್ನ ಮನಸ್ಸಿಗೆ ಬೇಜಾರಾಗುತ್ತೆ ಅಂತ ನೋಡ್ಬೇಡ. ಅಪ್ಪನ ವೈನು ಮೊದಲಿಂದಾನೂ ಹೀಗೇನಾ?" ಅವಳು ಲೋಟವನ್ನು ಪೀಪಾಯಿಯ ಮೇಲಿಟ್ಟಳು. "ಚಿಕ್ಕಮ್ಮ ಹೇಳೋಳು. ನಿಮ್ಮಪ್ಪ ಆ ಕಲ್ಲುಗುಡ್ಡೆ ನೆಚ್ಕೊಂಡು ದೊಡ್ಡ ವೈನು ಮಾಡ್ತೀನಿ ಅಂತ ಹೊರಟ, ಅದು ಆಗಲೂ ಇಲ್ಲ, ಆರೋಗ್ಯಾನೂ ಹೋಯ್ತು, ನಿಂಗೆ ಒಂದು ಸೂರೂ ಉಳಿಸಲಿಲ್ಲ ಅಂತ. ನಾನು ಅವಳ ಜೊತೆ ಜಗಳ ಆಡ್ತಿದ್ದೆ. ಅಪ್ಪನ ವೈನು ನಿಂಗೇನು ಗೊತ್ತು ಅಂತಿದ್ದೆ." ಸ್ವಲ್ಪ ನಕ್ಕಳು. "ಪರವಾಗಿಲ್ಲ. ಮೇಜಿನ ಮೇಲೆ ಸುಮ್ನೆ ಇಡ್ತೀನಿ, ತೆಗೆಯಲ್ಲ. ಜನ ಕುಡಿದು ಅವನನ್ನ ಆಡ್ಕೋಬಾರದು."

ಇಲ್ಲಿಗೆ ಎಲ್ಲ ಮುಗಿದಿತ್ತು. ಅವಳು ಹನ್ನೊಂದನ್ನೂ ಕಾರಿಗೆ ಹಾಕಿಕೊಂಡು ಹೋಗುತ್ತಾಳೆ, ಒಂದನ್ನೂ ತೆಗೆಯುವುದಿಲ್ಲ. ಯಾರಿಗೂ ಗೊತ್ತಾಗುವುದಿಲ್ಲ. ಎರಡು ವಾರದಿಂದ ಅವನು ಬಯಸಿದ್ದು ಇದಕ್ಕಿಂತ ಒಳ್ಳೆಯದಾಗಿ ನಡೆಯಲು ಸಾಧ್ಯವಿರಲಿಲ್ಲ. ರೇಜಿಸ್‌ನ ಕಣ್ಣ ಮುಂದೆ ತಳ್ಳುಗಾಡಿಯ ಹಿಡಿಕೆಗೆ ಒರಗಿ ಉಸಿರಿಗಾಗಿ ಬಾಯಿ ತೆರೆದು ನಿಂತಿದ್ದ ಆನ್ಸೆಲ್ಮ್ ಬಂದ.

"ಅದು ನಿಮ್ಮಪ್ಪನ ವೈನಲ್ಲ," ಅಂದ. "ಅಂದ್ರೆ... ಅವನದೇ. ಆದ್ರೆ ಅವನು ನನ್ನ ಹತ್ರ ಇಟ್ಟಿದ್ದಲ್ಲ. ಮೊನ್ನೆ ಗುರುವಾರ ನೊಲೇಯಿಂದ ತಂದೆ. ಒಲೆ ಪಕ್ಕ ಇತ್ತು, ಬೆಂದುಹೋಗಿದೆ. ಮೇಲಿರೋ ಮೂರು ಮಾತ್ರ ನಿನ್ನವು."

ಲೂದಿವೀನ್ ಅವನನ್ನೂ ಬಾಟಲಿಗಳನ್ನೂ ನೋಡಿದಳು. "ನನ್ನ ಉಳಿದವು?"

"ಕುಡಿದೆ."

"ಯಾರು ಯಾರು?"

"ನಾನೊಬ್ಬನೇ. ಮೊದಲನೇದರಲ್ಲಿ ಅರ್ಧ ಲೋಟ ನಿಮ್ಮತ್ತೆ, ಅವಳಿಗೆ ಗೊತ್ತಿರಲಿಲ್ಲ. ಉಳಿದಿದ್ದೆಲ್ಲ ನಾನೇ."

ಅವಳು ಕೂಗಾಡಲಿಲ್ಲ. ಒರೆಸಿದ ಲೇಬಲ್ಲೊಂದನ್ನು ಉಗುರಿನಿಂದ ಕೆರೆದಳು. ಹಸಿ ಬೂಷ್ಟು ಉಗುರಿಗೆ ಹತ್ತಿತು. ಅದನ್ನು ನೋಡುತ್ತಲೇ ಕೇಳಿದಳು.

"ಒಂದು ಫೋನ್ ಮಾಡೋಕಾಗ್ಲಿಲ್ವಾ?"

"ಏನು?"

"ಇವತ್ತು ಒಂದು ತೆಗೀತಿದೀನಿ, ಬಾ ಅಂತ. ವೈನು ಹೋಗ್ಲಿ ಮಾಮ. ಒಂಬತ್ತು ಸಲ ತೆಗೆದಿದೀಯ. ಒಂದ್ಸಲ ಕರೆದಿದ್ರೆ ರಾತ್ರಿಯೆಲ್ಲ ರೈಲಲ್ಲಿ ನಿಂತ್ಕೊಂಡಾದ್ರೂ ಬರ್ತಿದ್ದೆ. ಇಲ್ಲೇ ನಿನ್ನ ಪಕ್ಕ ಕೂತು ಕುಡೀತಿದ್ದೆ. ನೀನು ಅಪ್ಪನ ಕಥೆ ಹೇಳ್ತಿದ್ದೆ."

ಮೊದಮೊದಲು ಬಿರಡೆ ತೆಗೆಯುವ ಮುಂಚೆ ರೇಜಿಸ್ ತನಗೆ ತಾನೇ ಏನೇನೋ ಸಮಜಾಯಿಷಿ ಹೇಳಿಕೊಂಡಿದ್ದ. ಆದರೆ ಈ ಒಂದು ಮಾತು, ಅವಳನ್ನು ಕರೆಯಬಹುದೆಂಬ ಮಾತು, ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ. ಹೊಳೆಯದ ಹಾಗೆ ನೋಡಿಕೊಂಡಿದ್ದನೋ ಏನೋ. ಕರೆದಿದ್ದರೆ ಒಂದು ಬಾಟಲಿಯಲ್ಲಿ ಅವನ ಪಾಲಿಗೆ ಎರಡೇ ಲೋಟ ಉಳಿಯುತ್ತಿತ್ತು.

"ಹೇಗಿತ್ತು?" ಅವಳೇ ಮತ್ತೆ ಕೇಳಿದಳು.

"ಆರನೇದು ತೆಗೆದಾಗ..." ಎಂದು ಶುರುಮಾಡಿದ. ಕಲ್ಲು, ಚೆರ್ರಿ, ಜೀನಿನ ಚರ್ಮ, ಎಲ್ಲವೂ ನಾಲಿಗೆಯ ತುದಿಗೆ ಬಂದು ನಿಂತವು.

"ಬೇಡ. ಹೇಳ್ಬೇಡ." ಅವಳ ದನಿ ಮೊದಲ ಸಲ ಒಡೆಯಿತು. "ಅದನ್ನೂ ನಿನ್ನ ಬಾಯಿಂದಲೇ ಕೇಳ್ಬೇಕಾ ನಾನು? ಆ ಮೂರರಲ್ಲಿ ಒಂದು ತೆಗಿ."

ಅವನು ಹಳೆಯ ಬಾಟಲಿ ತೆಗೆಯುವ ಚಿಮಟ ಕೈಗೆತ್ತಿಕೊಂಡ. ಅದರ ಎರಡು ತೆಳು ಅಲಗುಗಳನ್ನು ಬಿರಡೆಯ ಎರಡೂ ಪಕ್ಕಕ್ಕೆ ಇಳಿಸಿ, ಕೂದಲೆಳೆಯಷ್ಟು ಕೂದಲೆಳೆಯಷ್ಟು ತಿರುಗಿಸುತ್ತ, ಉಸಿರು ಬಿಗಿಹಿಡಿದು ಮೇಲೆತ್ತಿದ. ಇಡೀ ಬಿರಡೆ ಮುರಿಯದೆ ಬಂತು. ಅಭ್ಯಾಸಬಲದಿಂದ ಅದನ್ನು ಮೂಗಿನ ಹತ್ತಿರ ತಂದವನು ಅರ್ಧದಲ್ಲೇ ಕೈ ನಿಲ್ಲಿಸಿ, ಪೀಪಾಯಿಯ ಮೇಲೆ ಇಟ್ಟ. ತಳದಲ್ಲಿ ಕೂತ ಗಸಿ ಕಲಕದ ಹಾಗೆ ಬಾಟಲಿಯನ್ನು ಓರೆಯಾಗಿ ಅವಳ ಕೈಗೆ ಕೊಟ್ಟ. ಗೋಡೆಯ ಗೂಡಿನಲ್ಲಿ ಮೂರು ಲೋಟಗಳಿದ್ದವು. ಅವಳು ಒಂದನ್ನು ತೆಗೆದುಕೊಂಡಳು.

"ನೀನು ಮೇಲೆ ಹೋಗು ಮಾಮ."

ಅವನು ಹೋದ. ಮೆಟ್ಟಿಲು ಹತ್ತುವಾಗ ಹಿಂದೆ ವೈನು ಲೋಟಕ್ಕೆ ಬೀಳುವ ಸಣ್ಣ ಸದ್ದು ಕೇಳಿಸಿತು. ತಿರುಗಿ ನೋಡಲಿಲ್ಲ. ಅಡಿಗೆಮನೆಯಲ್ಲಿ ನೊಯೆಮಿ ಒಲೆಯ ಉರಿ ಸಣ್ಣ ಮಾಡಿದಳು. ಅವಳನ್ನು ದಾಟಿ ಅವನು ಅಂಗಳಕ್ಕೆ ಬಂದ.

ಹೊರಗೆ ಮೇ ತಿಂಗಳ ಬಿಸಿಲು ಚೆಲ್ಲಿತ್ತು. ಎದುರಿನ ಇಳಿಜಾರಿನಲ್ಲಿ ಯಾರೋ ಬಳ್ಳಿ ಕಟ್ಟುತ್ತ ಒಬ್ಬರನ್ನೊಬ್ಬರು ಕೂಗುತ್ತಿದ್ದರು. ನೆಲಮಾಳಿಗೆಗೆ ಗಾಳಿ ಆಡಲೆಂದು ಗೋಡೆಯ ಬುಡದಲ್ಲಿ ಒಂದು ಗೇಣಗಲದ ಕಿಂಡಿ ಇತ್ತು. ಅದರ ಪಕ್ಕದ ಕಲ್ಲುಕಟ್ಟೆಯ ಮೇಲೆ ಅವನು ಕೂತ. ಸ್ವಲ್ಪ ಹೊತ್ತಿಗೆ ಕೆಳಗಿನಿಂದ, ಎಳೆ ಎಳೆಯಾಗಿ, ಆ ವೈನಿನ ವಾಸನೆ ಬಂತು. ಮೊದಲು ಬಿಸಿಲಿಗೆ ಕಾದ ಕಲ್ಲು. ಇನ್ನೂ ಜೀವ ಇತ್ತು. ಅವನ ಎದೆ ತಾನಾಗಿಯೇ ಉಸಿರೆಳೆದುಕೊಳ್ಳಲು ಹಿಗ್ಗಿತು.

ರೇಜಿಸ್ ಥಟ್ಟನೆ ಎದ್ದ. ಗಾಳಿ ಆ ಕಡೆಯಿಂದಲೇ ಬೀಸುತ್ತಿತ್ತು. ಅಂಗಳ ದಾಟಿ, ಕೋಳಿಗೂಡು ದಾಟಿ, ನೊಯೆಮಿ ಬೆಳಿಗ್ಗೆ ಒಗೆದು ಹರವಿದ್ದ ಬಟ್ಟೆಯ ತಂತಿಯ ತನಕ ಹೋಗಿ, ನೀರು ತೊಟ್ಟಿಕ್ಕುತ್ತಿದ್ದ ದುಪ್ಪಟಿಯ ಆಚೆಗೆ, ಸಾಬೂನಿನ ವಾಸನೆಯ ಮಧ್ಯೆ ನಿಂತುಕೊಂಡ.